ಎರಡಿಂಚಿನ ಏಳಿಗೆ

ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ಯಾರು ಎಷ್ಟು ಮೇಲೆ ಬಂದಿದ್ದಾರೆ ಎಂದು ತಿಳಿಯಲು ಸಂಬಳದ ಚೀಟಿ ನೋಡಬೇಕಾಗಿಲ್ಲ. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಅಳೆದರೆ ಸಾಕು. ಸಣ್ಣ ಕಾರಿನವರು 170 ಮಿಲಿಮೀಟರಿನಷ್ಟು ಮೇಲೆ ಬಂದವರು. ಎಸ್‌ಯುವಿಯವರು 200 ಮುಟ್ಟಿದವರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಪಿಕಪ್ ಕೊಂಡವರು 220ರ ಆಸುಪಾಸಿನಲ್ಲಿ ಕೂತು ಉಳಿದವರ ನೆತ್ತಿ ನೋಡುತ್ತಾರೆ. ಅಲ್ಲಿಂದಲೂ ಮೇಲೆ ಹೋಗಬೇಕೆಂದರೆ ಪೂರ್ವಜನ್ಮದ ಪುಣ್ಯ ಸಾಲದು, ಸಸ್ಪೆನ್ಷನ್ ಲಿಫ್ಟ್ ಮಾಡಿಸಬೇಕು.

ಹಾಗೆ ಮಾಡಿಸಿದವರೊಬ್ಬರು ನಮ್ಮ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಹೆಸರು ಬೇಡ, ಊರು ಸಾಕು. ಹಾಸನದವರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಹಲವು ಮಳೆಗಾಲ ಪಳಗಿ, ಕಂಪನಿ ವರ್ಗ ಮಾಡಿತೆಂದು ಚೆನ್ನೈನ ಹಳೆಯ ಮಹಾಬಲಿಪುರಂ ರಸ್ತೆಗೆ, ಅಂದರೆ ಓಎಂಆರ್‌ಗೆ, ಬಂದು ನೆಲೆಸಿದವರು. ಒಂದು ಐಟಿ ಕಾರಿಡಾರಿನ ನೀರಿನಿಂದ ಇನ್ನೊಂದು ಐಟಿ ಕಾರಿಡಾರಿನ ನೀರಿಗೆ ವರ್ಗವಾದದ್ದು ಅವರಿಗೆ ಅಷ್ಟೇನೂ ಹೊಸದೆನಿಸಲಿಲ್ಲ. ಹೊಸದಾಗಿ ಕಂಡದ್ದು ಎಲ್ಲರ ಬಾಯಲ್ಲೂ ಇದ್ದ ಒಂದೇ ಮಾತು: "ಮುಂದಿನ ಮಳೆಗೆ ಮೊದಲು ಏನಾದರೂ ಮಾಡಬೇಕು." ಮಾಡಬೇಕಾದವರು ಯಾರು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಹಾಸನದವರು ಅದನ್ನು ತಮಗೇ ಹೇಳಿದ್ದೆಂದು ತಿಳಿದರು.

ಮೊದಲು ಗಾಡಿ ಬಂತು. ಇಲ್ಲಿಂದ ಬಡಗಣಕ್ಕೆ ಆಂಧ್ರದ ಗಡಿ ದಾಟಿದರೆ ಶ್ರೀಸಿಟಿ, ಅಲ್ಲಿ ಇಸುಜು ಕಂಪನಿಯ ಪಿಕಪ್ ತಯಾರಾಗುತ್ತದೆ. ಕೈಗೆಟುಕುವಷ್ಟು ಹತ್ತಿರ. ಆದರೆ ಇವರಿಗೆ ನಾಡಾಭಿಮಾನ. 2022ರಲ್ಲಿ ಟೊಯೋಟಾದವರು ಬಿಡದಿಯ ಕಾರ್ಖಾನೆಯಿಂದ ಹೈಲಕ್ಸ್ ಹೊರತಂದಿದ್ದರು. ಮೂವತ್ತು ಲಕ್ಷ ದಾಟುವ ಬೆಲೆ, 2.8 ಲೀಟರಿನ ಡೀಸೆಲ್ ಎಂಜಿನ್, ಉದ್ದ 5,325 ಮಿಲಿಮೀಟರು. "ತಟ್ಟೆ ಇಡ್ಲಿ ಊರಿನ ಗಾಡಿ ಕಣ್ರೀ" ಎಂದು ಎಲ್ಲರಿಗೂ ಹೇಳಿದರು. ಬಿಲ್ಡರ್ ಕೊಟ್ಟ ಪಾರ್ಕಿಂಗ್ ಜಾಗದ ಉದ್ದ 5 ಮೀಟರು. ಉಳಿದ ಒಂದಡಿ ಗಾಡಿ ಓಡಾಡುವ ದಾರಿಗೆ ಚಾಚಿಕೊಂಡು, ಪಕ್ಕದ ಮನೆಯ ಅಜ್ಜನ ಮೊಣಕಾಲನ್ನು ದಿನವೂ ವಿಚಾರಿಸಿಕೊಳ್ಳುತ್ತದೆ. ಹಿಂದಿನ ತೊಟ್ಟಿಯಲ್ಲಿ ಆ ದಿನಗಳಲ್ಲಿ ಹೊತ್ತ ಅತಿ ಭಾರದ ಸಾಮಾನು, ಗಣಪತಿ ಹಬ್ಬಕ್ಕೆ ತಂದ ಎರಡು ಬಾಳೆಕಂದು.

ಆಮೇಲೆ 2023ರ ಡಿಸೆಂಬರ್ ಬಂತು. ಮಿಚಾಂಗ್ ಚಂಡಮಾರುತ. ಶೋಳಿಂಗನಲ್ಲೂರಿಗೆ ತಾಗಿಕೊಂಡೇ ಇರುವ ಕಾರಪಾಕ್ಕಂನಲ್ಲಿ ನಟ ವಿಷ್ಣು ವಿಶಾಲ್ ಅವರನ್ನೂ ಆಗ ಅಲ್ಲಿದ್ದ ಅಮೀರ್ ಖಾನ್ ಅವರನ್ನೂ ದೋಣಿಯಲ್ಲಿ ಕೂರಿಸಿ ಹೊರತಂದ ಚಿತ್ರವನ್ನು ದೇಶವೆಲ್ಲ ನೋಡಿತು. ಹಾಸನದವರೂ ನೋಡಿದರು. ಆ ಚಿತ್ರದಿಂದ ಯಾರಾದರೂ ಕಲಿಯಬಹುದಾದ ಪಾಠ, ಈ ಊರಿಗೆ ತಕ್ಕ ವಾಹನ ದೋಣಿ ಎಂಬುದು. ಅದರಲ್ಲಿ ತಮಾಷೆ ಏನಿಲ್ಲ. ಪಕ್ಕದಲ್ಲೇ ಹರಿಯುವ, ಹರಿಯಲಾರದೆ ನಿಂತಿರುವ, ಬಕಿಂಗ್‌ಹ್ಯಾಮ್ ಕಾಲುವೆಯನ್ನು ಬ್ರಿಟಿಷರ ಕಾಲದಲ್ಲಿ ತೋಡಿಸಿದ್ದೇ ಸರಕಿನ ದೋಣಿಗಳಿಗೆಂದು. ಆಂಧ್ರದ ಕಾಕಿನಾಡದಿಂದ ಮರಕ್ಕಾಣಂವರೆಗೆ ಉಪ್ಪು, ಸೌದೆ ಹೊತ್ತು ದೋಣಿ ಓಡಾಡುತ್ತಿದ್ದ ದಾರಿ ಅದು. ಆದರೆ ದೋಣಿಗೆ ಇಎಂಐ ಸಿಗುವುದಿಲ್ಲ, ಆಫೀಸಿನ ಗೇಟಿನಲ್ಲಿ ಸ್ಟಿಕರ್ ಕೊಡುವುದಿಲ್ಲ. ಹಾಗಾಗಿ ಹಾಸನದವರು ಕಲಿತ ಪಾಠ ಬೇರೆಯಾಯಿತು: ಗಾಡಿಯನ್ನು ಎರಡಿಂಚು ಏರಿಸಬೇಕು.

ಎರಡೇ ಇಂಚು ಏಕೆ ಎಂದು ಕೇಳಿದರೆ ಅವರ ಮುಖದಲ್ಲಿ ವಿನಯ ಮೂಡುತ್ತದೆ. ನಾಲ್ಕು, ಆರು ಇಂಚು ಏರಿಸುವವರು ಷೋಕಿಲಾಲರಂತೆ. ಎರಡಿಂಚು ಸಂಸಾರಸ್ಥರ ಅಳತೆ. ಮದುವೆಯಲ್ಲಿ ಬೀಗರು "ನಮಗೇನೂ ಬೇಡ, ನಿಮ್ಮ ಹುಡುಗಿಗೆ ನೀವು ಏನು ಹಾಕುತ್ತೀರೋ ಹಾಕಿ" ಎನ್ನುವಾಗ ಕೇಳುವ ದನಿಯೇ ಆ ವಿನಯದಲ್ಲೂ ಕೇಳುತ್ತದೆ.

ಮೆಕ್ಯಾನಿಕ್ ಸಿಕ್ಕಿದ್ದು ಅದೃಷ್ಟ. ತಮಿಳರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವರ್ಷಗಟ್ಟಲೆ ಗಾಡಿಗಳ ಕೆಳಗೆ ಮಲಗಿ ಕನ್ನಡ ಕಲಿತವರು. ಈ ಇಡೀ ಪ್ರಕರಣದಲ್ಲಿ ನೆಟ್ಟಗೆ ಮಾತಾಡಿದವರು ಅವರೊಬ್ಬರೇ.

"ಲಿಫ್ಟ್ ಯಾಕೆ ಸಾರ್?"

"ನೀರಿಗೆ."

"ನೀರಿಗೆ ಲಿಫ್ಟ್ ಬೇಡ ಸಾರ್. ಎಂಜಿನ್ ಗಾಳಿ ಎಳ್ಕೊಳ್ಳೋ ಬಾಯಿ ಎಲ್ಲಿದೆ, ಅದು ಮುಖ್ಯ. ಅದ್ರೊಳಗೆ ನೀರು ಹೋಯ್ತು ಅಂದ್ರೆ ಪಿಸ್ಟನ್ ಅದನ್ನ ಅದುಮೋಕೆ ಹೋಗುತ್ತೆ. ಗಾಳಿ ಅದುಮ್ಬಹುದು, ನೀರು ಅದುಮೋಕ್ಕಾಗಲ್ಲ. ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ ಕೆಲಸ ಮುಗೀತು. ಕಂಪನಿಯೋರೇ 700 ಮಿಲಿಮೀಟರ್ ನೀರಲ್ಲಿ ಹೋಗ್ಬಹುದು ಅಂತಾರೆ. ಎರಡಿಂಚು ಏರ್ಸಿದ್ರೆ 750 ಅಂತ ಇಟ್ಕೊಳ್ಳಿ."

"ಅಷ್ಟೇ ಸಾಕು."

"700 ಮಿಲಿಮೀಟರ್ ನೀರು ರೋಡಲ್ಲಿದ್ರೆ ನೀವು ಎಲ್ಲಿಗೆ ಹೋಗ್ಬೇಕು ಸಾರ್?"

ಇದಕ್ಕೆ ಹಾಸನದವರ ಬಳಿ ಉತ್ತರವಿರಲಿಲ್ಲ. ಅಷ್ಟು ನೀರು ನಿಂತ ದಿನ ಮನೆಯಿಂದಲೇ ಕೆಲಸ ಮಾಡಿರೆಂದು ಕಂಪನಿ ಮೇಲ್ ಕಳಿಸಿರುತ್ತದೆ. ಶಾಲೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟಿರುತ್ತಾರೆ. ಹಾಲು ಬಂದಿರುವುದಿಲ್ಲ, ಹಾಲಿನ ಅಂಗಡಿಯೂ ತೆರೆದಿರುವುದಿಲ್ಲ. 30 ಲಕ್ಷದ ಗಾಡಿ ಎಲ್ಲಿಗಾದರೂ ಹೋಗಬಲ್ಲದು, ಆದರೆ ಎಲ್ಲಿಗೂ ಹೋಗುವ ಕೆಲಸವಿರುವುದಿಲ್ಲ.

ಕೆಲಸ ಶುರುವಾಯಿತು. ಪಿಕಪ್‌ನ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೆ ಕೆಳಗೆ ಆಡುತ್ತವೆ, ಅಲ್ಲಿರುವುದು ಸುರುಳಿ ಸ್ಪ್ರಿಂಗು. ಅಗ್ಗದ ದಾರಿ ಹಿಡಿಯುವವರು ಅದರ ತಲೆಯ ಮೇಲೆ ಒಂದು ದಪ್ಪ ಬಿಲ್ಲೆ ಕೂರಿಸುತ್ತಾರೆ. ಬಿಲ್ಲೆ ಒಂದಿಂಚಿನದಾದರೆ ಗಾಡಿ ಏರುವುದು ಸುಮಾರು ಎರಡಿಂಚು. ಸ್ಪ್ರಿಂಗು ಕೂತಿರುವುದು ಕೆಳಗಿನ ತೋಳಿನ ನಡುಭಾಗದಲ್ಲಿ, ಚಕ್ರವಿರುವುದು ತುದಿಯಲ್ಲಿ. ಹೂಡಿದ್ದರ ಎರಡರಷ್ಟು ಲಾಭ, ಚೀಟಿ ವ್ಯವಹಾರದವರೂ ಇಷ್ಟು ಕೊಡುವುದಿಲ್ಲ. ಹಾಸನದವರು ಅಗ್ಗದ ದಾರಿ ಹಿಡಿಯಲಿಲ್ಲ. ಆಸ್ಟ್ರೇಲಿಯದ ಮರುಭೂಮಿ ದಾಟುವವರಿಗೆಂದು ರೂಪಿಸಿದ ಪೂರಾ ಕಿಟ್ಟು ತರಿಸಿದರು. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ಹಿಂದಕ್ಕೆ ಹೊಸ ಲೀಫ್ ಸ್ಪ್ರಿಂಗ್ ಪಟ್ಟಿಗಳು. ಮುಂಭಾಗ ಏರಿದ ಮೇಲೆ ಚಕ್ರಗಳ ಓರೆ ಬದಲಾಯಿತು, ಅದಕ್ಕೆ ಮೇಲಿನ ತೋಳುಗಳನ್ನೂ ಹೊಸದು ಹಾಕಿ ವೀಲ್ ಅಲೈನ್‌ಮೆಂಟ್ ಮಾಡಿಸಬೇಕಾಯಿತು. ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಕೀಲುಗಳು ಮೊದಲಿಗಿಂತ ಹೆಚ್ಚು ಬಾಗಿ ದುಡಿಯತೊಡಗಿದವು. ಹೆಡ್‌ಲೈಟು ಎದುರಿಗೆ ಬರುವವರ ಕಣ್ಣಿಗೆ ನೇರ ಹೊಡೆಯತೊಡಗಿತು. ಅದನ್ನು ತಗ್ಗಿಸಿಕೊಡುತ್ತೇನೆಂದು ಮೆಕ್ಯಾನಿಕ್ ಹೇಳಿದಾಗ ಹಾಸನದವರು, "ಇರ್ಲಿ ಬಿಡಿ, ದಾರಿ ಬಿಡ್ತಾರೆ" ಅಂದರು.

ಎಲ್ಲ ಮುಗಿದ ಮೇಲೆ ಮೆಕ್ಯಾನಿಕ್ ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೋರಿಸಿದರು. ಹಿಂದಿನ ಆಕ್ಸಲ್‌ನ ನಡುವೆ ಒಂದು ದೊಡ್ಡ ಉಬ್ಬು ಇದೆ, ಡಿಫರೆನ್ಷಿಯಲ್. ಕಲ್ಲು ದಿಬ್ಬದ ದಾರಿಯಲ್ಲಿ ಹಿಂಭಾಗದಲ್ಲಿ ಮೊದಲು ನೆಲ ತಾಗುವುದು ಅದೇ. ಅದು ಮೊದಲು ಎಲ್ಲಿತ್ತೋ ಈಗಲೂ ಅಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಏಕೆಂದರೆ ಆಕ್ಸಲ್ಲು ಕೂತಿರುವುದು ಚಕ್ರಗಳ ನಡುವೆ, ಸ್ಪ್ರಿಂಗಿನ ಮೇಲಲ್ಲ. ಅದನ್ನು ಏರಿಸಬೇಕೆಂದರೆ ದೊಡ್ಡ ಟೈರು ಹಾಕಬೇಕು. ಸ್ಪ್ರಿಂಗು ಏರಿಸಿದರೆ ಏರುವುದು ಅದರ ಮೇಲಿರುವ ಚಾಸಿಸ್ಸು, ಚಾಸಿಸ್ಸಿನ ಮೇಲಿರುವ ಕ್ಯಾಬಿನ್ನು, ಕ್ಯಾಬಿನ್ನಿನ ಒಳಗಿರುವ ಮಾಲೀಕರು.

"ಒಟ್ಟಲ್ಲಿ ನೀವು ಮೇಲೆ ಹೋಗಿದ್ದೀರಿ ಸಾರ್" ಅಂದರು ಮೆಕ್ಯಾನಿಕ್. ಹಾಸನದವರಿಗೆ ಬೇಕಾಗಿದ್ದದ್ದೂ ಅದೇ.

ಇನ್ನು ಕಾನೂನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಮಾಲೀಕನೇ ಹೀಗೆ ಮಾರ್ಪಡಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿತು. ಹಾಸನದವರು ಇದನ್ನು ಓದಿ ಬೆವರಿದ್ದು ಶಿಕ್ಷೆಗಲ್ಲ, ಎಣಿಕೆಗೆ. ಸ್ಪ್ರಿಂಗು ನಾಲ್ಕು, ಶಾಕ್ ನಾಲ್ಕು, ತೋಳು ಎರಡು. ಇದು ಹತ್ತು ಮಾರ್ಪಾಡೋ, ಒಂದೋ? ವಿಮೆಯವರಿಗೆ ಹೇಳಬೇಕೋ ಬೇಡವೋ? ಹೇಳಿದರೆ ಕಂತು ಏರುತ್ತದೆ, ಹೇಳದಿದ್ದರೆ ನಾಳೆ ಪರಿಹಾರ ಕೇಳಿದಾಗ ಕೈ ಆಡಿಸುತ್ತಾರೆ. ಮನೆಯವರು ಒಂದೇ ಮಾತಿನಲ್ಲಿ ಮುಗಿಸಿದರು: "ರೀ, ಆ ದುಡ್ಡಲ್ಲಿ ಅಡಿಗೆಮನೆ ಚಿಮಣಿ ಹಾಕ್ಸಿದ್ರೆ ಯಾವ ಕೋರ್ಟೂ ಕೇಳ್ತಿರ್ಲಿಲ್ಲ."

ನಾನು ಕಾನೂನಿನ ವಿರೋಧಿಯಲ್ಲ. ಎತ್ತರಿಸಿದ ಗಾಡಿಯ ಭಾರಕೇಂದ್ರವೂ ಮೇಲೆ ಹೋಗುತ್ತದೆ, ತಿರುವಿನಲ್ಲಿ ವಾಲುತ್ತದೆ, ಎದುರಿನ ಸ್ಕೂಟರಿನವರಿಗೆ ಅದರ ಬಂಪರು ಎದೆಮಟ್ಟಕ್ಕೆ ಬರುತ್ತದೆ. ತಡೆಯಬೇಕಾದದ್ದೇ. ನನ್ನ ಪ್ರಶ್ನೆ ಇಷ್ಟು: ಈ ಊರಿನಲ್ಲಿ ಮೂಲ ವಿವರಕ್ಕಿಂತ ಎರಡಿಂಚು ಏರಿದ್ದು ಹಾಸನದವರ ಪಿಕಪ್ ಒಂದೇನಾ?

ಚೆನ್ನೈನ ರಸ್ತೆಗಳನ್ನೇ ನೋಡಿ. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುವಾಗ ಒಂದು ಪದರ 30ರಿಂದ 50 ಮಿಲಿಮೀಟರು ಬರುತ್ತದೆ. ಹೆಚ್ಚೆಂದರೆ ಸಂಸಾರಸ್ಥರ ಎರಡಿಂಚು. ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ಕೆಲವು ವರ್ಷಗಳಲ್ಲಿ ರಸ್ತೆ ಹೊಸ್ತಿಲಿಗಿಂತ ಮೇಲೆ. ಬೀದಿಯಿಂದ ಮನೆಗೆ ಮೆಟ್ಟಿಲು ಹತ್ತಿ ಹೋಗುತ್ತಿದ್ದವರು ಈಗ ಮೆಟ್ಟಿಲು ಇಳಿದು ಹೋಗುತ್ತಾರೆ. ಮಳೆನೀರಿಗೂ ಆ ಮೆಟ್ಟಿಲು ಗೊತ್ತು. ಕೆರೆದೇ ಹಾಕಿ ಎಂದು ರಾಜ್ಯದ ಮುಖ್ಯ ಕಾರ್ಯದರ್ಶಿಗಳು 2021ರಲ್ಲಿ ಇಲಾಖೆಗಳಿಗೆ ಬರೆದರು. ಅದಕ್ಕೂ ಮೊದಲೇ ಏರಿ ಕೂತ ರಸ್ತೆಗಳು ಪತ್ರ ಓದಿ ಇಳಿಯಲಿಲ್ಲ. ರಸ್ತೆಯ ಮೂಲ ವಿವರ ಎಲ್ಲಿ ದಾಖಲಾಗಿದೆ, ಅದರ ಆರ್‌ಸಿ ಪುಸ್ತಕ ಯಾರ ಬಳಿ ಇದೆ, ಒಂದೊಂದು ಪದರಕ್ಕೂ 5,000 ರೂಪಾಯಿ ದಂಡ ಕಟ್ಟುವ ಮಾಲೀಕ ಯಾರು?

ರಸ್ತೆ ಏರಿತಲ್ಲ, ಮನೆ ಸುಮ್ಮನಿರುತ್ತದೆಯೇ? ಚೆನ್ನೈನಲ್ಲಿ ಮನೆಗಳನ್ನೇ ಜಾಕಿ ಕೊಟ್ಟು ಎತ್ತುತ್ತಾರೆ. ಉತ್ಪ್ರೇಕ್ಷೆ ಅಲ್ಲ. ಹರಿಯಾಣ ಕಡೆಯ ತಂಡಗಳು ಬಂದು, ಅಡಿಪಾಯದ ಗೋಡೆ ಬಿಡಿಸಿ, ಸುತ್ತ ಸಾಲಾಗಿ ಜಾಕಿ ಇಟ್ಟು, ಎಲ್ಲವನ್ನೂ ಒಂದೇ ಲಯದಲ್ಲಿ ತಿರುಗಿಸುತ್ತ ಇಡೀ ಮನೆಯನ್ನು ಮೂರು ನಾಲ್ಕು ಅಡಿ ಮೇಲೆತ್ತಿ ಕೆಳಗೆ ಹೊಸ ಗೋಡೆ ಕಟ್ಟುತ್ತಾರೆ. ಅದಕ್ಕೆ ತಕ್ಕ ದುಡ್ಡಿದ್ದವರು ಎತ್ತಿಸುತ್ತಾರೆ. ಎತ್ತಿಸಿದವರ ಅಂಗಳದಿಂದ ಹೊರಟ ನೀರು ಎತ್ತಿಸದವರ ನಡುಮನೆಗೆ ಬರುತ್ತದೆ. ಮುಂದಿನ ವರ್ಷ ಅವರೂ ಸಾಲ ಮಾಡಿ ಎತ್ತಿಸುತ್ತಾರೆ. ಓಎಂಆರ್‌ನಲ್ಲಿ ಮೆಟ್ರೊದವರು ಇನ್ನೂ ದೊಡ್ಡ ಜಾಕಿ ತಂದಿದ್ದಾರೆ. ಎರಡನೇ ಹಂತದ ಎರಡು ಮಾರ್ಗಗಳು ಶೋಳಿಂಗನಲ್ಲೂರಿನಲ್ಲಿ ಕೂಡುತ್ತವೆ, ಅದೂ ಕಂಬಗಳ ಮೇಲೆ. ರೈಲು ಮೇಲೆ, ರಸ್ತೆ ಮೇಲೆ, ಮನೆ ಮೇಲೆ, ಪಿಕಪ್ ಮೇಲೆ. ಕೆಳಗೆ ಉಳಿದದ್ದು ನೀರು ಮತ್ತು ಶೇರ್ ಆಟೋಗೆ ಕಾಯುವವರು.

ಆ ನೀರಿಗೂ ಒಂದು ವಿಳಾಸವಿತ್ತು. ಪಳ್ಳಿಕರಣೈ ಜವುಗು. ಸುತ್ತಲಿನ ಕೆರೆಗಳ ಕೋಡಿ ಅಲ್ಲಿಗೆ ಬಂದು ನಿಂತು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಗೆ ಇಳಿದು, ತೆಂಕಣಕ್ಕೆ ಹರಿದು ಕೋವಳಂ ಬಳಿ ಸಮುದ್ರ ಸೇರಬೇಕು. ಶೋಳಿಂಗನಲ್ಲೂರು ಇರುವುದು ಈ ದಾರಿಯ ಪಕ್ಕದಲ್ಲಿ, ಕೆಲವು ಕಡೆ ದಾರಿಯ ನಡುವಿನಲ್ಲೇ. ಜವುಗಿನ ಒಂದು ಪಾಲಿಗೆ ಪೆರುಂಗುಡಿಯ ಕಸದ ರಾಶಿ ಬಿತ್ತು, ಇನ್ನೊಂದು ಪಾಲಿಗೆ ಕಟ್ಟಡ. ಉಳಿದದ್ದಕ್ಕೆ 2022ರಲ್ಲಿ ರಾಮ್‌ಸರ್ ಪಟ್ಟಿಯ ಅಂತರರಾಷ್ಟ್ರೀಯ ಗೌರವ. ಮನೆ ಮಾರಿದ ಮೇಲೆ ಅಜ್ಜನ ಫೋಟೋಗೆ ಹಾರ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ನೀರು ಪಾಪ ಹಳೆಯ ವಿಳಾಸಕ್ಕೇ ಬರುತ್ತದೆ, ಬಾಗಿಲು ತಟ್ಟುತ್ತದೆ. ಒಳಗಿರುವವರು "ಇನ್ನೂ ಎರಡಿಂಚು ಎತ್ತಿ" ಎಂದು ಕೂಗುತ್ತಾರೆ.

ಗಾಡಿಯ ವಿಷಯಕ್ಕೆ ಬರೋಣ. ಕಿಟ್ಟಿನ ಸ್ಪ್ರಿಂಗುಗಳು ಭಾರ ಹೊರಲು ಹುಟ್ಟಿದವು. ಮುಂದೆ ಉಕ್ಕಿನ ಬುಲ್ ಬಾರು, ವಿಂಚು, ಹಿಂದೆ ಡೇರೆ, ಡೀಸೆಲ್ ಡಬ್ಬಿ ಹೊತ್ತವರಿಗೆಂದು ಗಟ್ಟಿಯಾಗಿ ಮಾಡಿದ್ದು. ಬುಲ್ ಬಾರನ್ನು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡವೆಂದಿದೆ. ವಿಂಚು ಹಾಕಿ ಎಳೆಯಲು ಓಎಂಆರ್‌ನಲ್ಲಿ ಮರವಿಲ್ಲ. ಹೀಗೆ ಹೊರೆಯಿಲ್ಲದ ಬರಿಗಾಡಿ ಸಣ್ಣ ಉಬ್ಬಿಗೂ ಕುಪ್ಪಳಿಸತೊಡಗಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಪ್ರಕಾರ ಸ್ಪೀಡ್ ಬ್ರೇಕರ್ 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ, ಇಳಿಜಾರಾಗಿ ಇರಬೇಕು. ನಮ್ಮ ಬೀದಿಯವು ಮಲಗಿದ ಮನುಷ್ಯನ ಅಗಲಕ್ಕಿವೆ, ಕೂತ ಮನುಷ್ಯನ ಎತ್ತರಕ್ಕಿವೆ. ಹಾಸನದವರ ಬೆನ್ನು ನೋಯಿತು. ಮೂಳೆ ಡಾಕ್ಟರು ಸೊಂಟಕ್ಕೆ ಪಟ್ಟಿ ಕೊಟ್ಟರು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಹಿಂದೆ ಸ್ವಲ್ಪ ತೂಕ ಇಡಿ ಸಾರ್, ಸರಿಹೋಗುತ್ತೆ" ಎಂಬ ಉತ್ತರ.

ತೂಕಕ್ಕೆ ಏನಿಡುವುದು? 20 ಲೀಟರಿನ ನೀರಿನ ಕ್ಯಾನುಗಳು! ಹತ್ತು ಕ್ಯಾನಿಗೆ 200 ಕಿಲೋ. ಇಲ್ಲಿ ನೀರಿಗೆ ಎರಡು ಅವತಾರ. ಡಿಸೆಂಬರಿನಲ್ಲಿ ಎಲ್ಲ ಕಡೆಯಿಂದ ನುಗ್ಗುತ್ತದೆ, ಮೇ ತಿಂಗಳಲ್ಲಿ ಲಾರಿಯಲ್ಲಿ ಕೂತು ದುಡ್ಡು ಕೇಳುತ್ತದೆ. ನೀರನ್ನು ದಾಟಲೆಂದು ಏರಿಸಿದ ಪಿಕಪ್ಪು ಈಗ ನೀರನ್ನು ಹೊತ್ತುಕೊಂಡು ತಿರುಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಬಾರದ ದಿನ ಅಕ್ಕಪಕ್ಕದವರು ಆ ಕ್ಯಾನುಗಳಿಗೆ ಕೈ ಹಾಕಿದರು. ಅವತ್ತು ಗಾಡಿ ಮತ್ತೆ ಕುಪ್ಪಳಿಸಿತು. ಹಾಸನದವರು "ಬ್ಯಾಲಾಸ್ಟ್ ಮುಟ್ಟಬೇಡಿ" ಎಂದು ಬರೆದು ಅಂಟಿಸಿದ್ದಾರೆ.

ಟ್ಯಾಂಕರ್ ಅಂದೆನಲ್ಲ, ಅವರ ಎತ್ತರದ ಸುಖಕ್ಕೆ ಕಲ್ಲು ಹಾಕಿದ್ದೂ ಅದೇ. ಜಂಕ್ಷನ್ನಿನ ಸಿಗ್ನಲಿನಲ್ಲಿ ಹೊಸ ಎತ್ತರದಿಂದ ಸಣ್ಣ ಕಾರುಗಳನ್ನು ನೋಡುತ್ತ ನಿಂತವರಿಗೆ ಬಲಗಡೆ ಏನೋ ನೆರಳು. ತಲೆಯೆತ್ತಿದರೆ ನೀರಿನ ಲಾರಿ. ಅದರ ಡ್ರೈವರು ಯಾವ ಆಸ್ಟ್ರೇಲಿಯದ ಕಿಟ್ಟೂ ಇಲ್ಲದೆ, ಬರಿಗಾಲಲ್ಲಿ, ಇವರಿಗಿಂತ ಎರಡಡಿ ಮೇಲೆ ಕೂತು ಬೀಡಾ ಜಗಿಯುತ್ತಿದ್ದ. ಇವರ ನೆತ್ತಿ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಕಾರುಗಳು ಮುಳುಗಿದಾಗ ಐಟಿ ಮಂದಿಯನ್ನು ಆಫೀಸಿಗೆ ಸಾಗಿಸಿದ್ದು ಟ್ರಾಕ್ಟರು. ಎತ್ತರದ ವಿಷಯದಲ್ಲಿ ಕೊನೆಗೆ ಗೆಲ್ಲುವುದು ದುಡಿಯುವ ಗಾಡಿ ಎಂಬುದನ್ನು ಹಾಸನದವರು ಅಲ್ಲಿಂದಲೇ ಕಲಿತು ಬರಬಹುದಿತ್ತು. ಅವರಾಗ ವಿಡಿಯೊ ತೆಗೆಯುತ್ತಿದ್ದರು.

ಊರಿನಿಂದ ತಾಯಿ ಬಂದರು. ಎಪ್ಪತ್ತು ದಾಟಿದ ಜೀವ, ಎರಡೂ ಮೊಣಕಾಲು ಸವೆದಿವೆ. ಮೈಲಾಪುರದ ಕಪಾಲೀಶ್ವರನ ದರ್ಶನಕ್ಕೆ ಹೊರಟು ಗಾಡಿಯ ಮುಂದೆ ನಿಂತು ನೋಡಿದರು.

"ಏನೋ ಮಗ ಇದು, ಅಟ್ಟ ಹತ್ತಿಸ್ತೀಯಾ?"

"ಸ್ಟೂಲ್ ತರ್ತೀನಿ ಇರಮ್ಮ."

ಸ್ಟೂಲು ಬಂತು, ಸೆಕ್ಯುರಿಟಿಯವರು ಬಂದರು, ಸೊಸೆ ಹಿಂದಿನಿಂದ ಹಿಡಿದರು. ದೇವಸ್ಥಾನದ ಬಳಿ ಇಳಿಯುವಾಗ ಸ್ಟೂಲು ಮನೆಯಲ್ಲೇ ಉಳಿದದ್ದು ನೆನಪಾಯಿತು. ಅಂಬಾರಿಯಲ್ಲಿ ಬಂದವರನ್ನು ಇಳಿಸಲು ಆನೆಯಾದರೂ ಕೂರುತ್ತದೆ ಎಂದು ಆ ತಾಯಿ ಹೂವಿನವಳ ಮುಂದೆ ಅಂದರಂತೆ. ಇದೇ ಚೆನ್ನೈನಲ್ಲಿ ಮಂಡಿಯೂರುವ ಬಸ್ಸುಗಳಿವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಾಲಿಕುರ್ಚಿಯವರು, ಮುದುಕರು ಹತ್ತುವ ಹಾಗೆ ಬಸ್ಸಿನ ನೆಲ ತಗ್ಗಿಸಿ ಎಂದು ಅಂಗವಿಕಲರ ಪರ ಹೋರಾಡಿದವರು ವರ್ಷಗಟ್ಟಲೆ ಹೈಕೋರ್ಟಿಗೆ ಅಲೆದರು. ನಮ್ಮ ರಸ್ತೆಗಳಿಗೆ, ನಿಲ್ಲುವ ನೀರಿಗೆ ತಗ್ಗು ಬಸ್ಸು ಆಗದು ಎಂಬುದು ಸರ್ಕಾರದ ಕಡೆಯ ವಾದಗಳಲ್ಲೊಂದು. ಕೊನೆಗೆ 2024ರ ಆಗಸ್ಟಿನಲ್ಲಿ ತಗ್ಗು ನೆಲದ ಹೊಸ ಬಸ್ಸುಗಳು ರಸ್ತೆಗೆ ಬಂದವು. ನಿಲ್ದಾಣದಲ್ಲಿ ನಿಂತಾಗ ಬಾಗಿಲಿನ ಕಡೆಗೆ ಇನ್ನಷ್ಟು ವಾಲಿ ಹತ್ತುವವರಿಗೆ ತಗ್ಗುತ್ತವೆ. ಕೆಲವು ಇಂಚು ಇಳಿಸಲು ಅಷ್ಟು ವರ್ಷ, ಎರಡಿಂಚು ಏರಿಸಲು ಒಂದು ಶನಿವಾರ.

ರಸ್ತೆಯಲ್ಲದ ದಾರಿಯಲ್ಲಿ ಒಮ್ಮೆಯಾದರೂ ಓಡಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳೋಣವೆಂದರೆ ಹತ್ತಿರದಲ್ಲಿರುವುದು ಕರಾವಳಿಯ ಇಸಿಆರ್ ರಸ್ತೆಯ ಆಚೆಯ ಮರಳು. ಅಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಕಡಲದಂಡೆಗೆ ಗಾಡಿ ಇಳಿಸುವಂತಿಲ್ಲ. ಹಾಗಾಗಿ ದಸರಾ ರಜೆಗೆ ಸಕಲೇಶಪುರದ ಮಾವನ ತೋಟಕ್ಕೆ ಓಡಿಸಿಕೊಂಡು ಹೋದರು. ಇವರು ತಲುಪುವಷ್ಟರಲ್ಲಿ ತೋಟದ ಹಳೆಯ ಜೀಪು ಅಲ್ಲಿನ ಕೆಸರಿನ ಏರಿನಲ್ಲಿ ನಾಲ್ಕು ಸಲ ಗೊಬ್ಬರದ ಮೂಟೆ ಹೊತ್ತು ಹೋಗಿ ಬಂದಿತ್ತು. ಟೈರಿನಲ್ಲಿ ಗೆರೆಯೇ ಇರಲಿಲ್ಲ. ಡ್ರೈವರು ಹೈಲಕ್ಸಿನ ಸುತ್ತ ಒಂದು ಸುತ್ತು ಬಂದು, ತೊಟ್ಟಿಯೊಳಗೆ ಇಣುಕಿ ಮರ್ಯಾದೆಯಿಂದಲೇ ಕೇಳಿದ.

"ಚೆನ್ನಾಗೈತೆ ಸಾ. ಎಷ್ಟು ಮೂಟೆ ಹಿಡಿಯುತ್ತೆ?"

"ಮೂಟೆಗಲ್ಲಪ್ಪ ಇದು."

"ಮತ್ತೆ ಹಿಂದಗಡೆ ಜಾಗ ಯಾಕೆ ಬಿಟ್ಟವ್ರೆ?"

ಹಾಸನದವರು ಮಾತು ಬದಲಿಸಿ ಮಳೆಯ ಬಗ್ಗೆ ಕೇಳಿದರು.

ಮತ್ತೆ ಚೆನ್ನೈ, ಮತ್ತೆ ಮಳೆ. 2024ರ ಅಕ್ಟೋಬರಿನಲ್ಲಿ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಾಗ ವೇಲಚೇರಿಯವರು ತಮ್ಮ ಕಾರುಗಳನ್ನೆಲ್ಲ ತಂದು ಫ್ಲೈಓವರಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ ಹೋದರು. ಚೆನ್ನೈನ ಮಧ್ಯಮವರ್ಗಕ್ಕೆ ಸರ್ಕಾರ ಒದಗಿಸಿದ ಏಕೈಕ ಸಾರ್ವಜನಿಕ ಲಿಫ್ಟ್ ಆ ಫ್ಲೈಓವರು. ಆ ಸಾಲಿನಲ್ಲಿ ಹಾಸನದವರ ಪಿಕಪ್ ಕೂಡ ಇತ್ತು. ಅವರ ಕಾರಣ ಸರಳವಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಪಾರ್ಕಿಂಗ್ ಜಾಗ ಕೊಟ್ಟಿರುವುದು ಬೇಸ್‌ಮೆಂಟಿನಲ್ಲಿ. ಎರಡಿಂಚು ಏರಿಸಿದ ಗಾಡಿ ದಿನವೂ ಮಲಗುವುದು ರಸ್ತೆಯಿಂದ ಹತ್ತಡಿ ಕೆಳಗೆ. ನೀರು ಮೊದಲು ಇಳಿಯುವುದೂ ಅಲ್ಲಿಗೇ. ಫ್ಲೈಓವರಿನ ಮೇಲೆ ಅವರ ಮುಂದೆ ಒಂದು ಹಳೆಯ ಆಲ್ಟೊ, ಹಿಂದೆ ಒಂದು ನ್ಯಾನೊ. ಮೂರೂ ಗಾಡಿಗಳಿಗೆ ನೀರಿನಿಂದ ಒಂದೇ ಅಂತರ. ರೆಡ್ ಅಲರ್ಟಿನ ದಿನ ಹೆದರಿದಷ್ಟು ಮಳೆಯೂ ಬರಲಿಲ್ಲ.

ಅದಾದ ಮೇಲೆ ನಮ್ಮ ಅಸೋಸಿಯೇಷನ್ನಿನ ಸಭೆ ಕೂಡಿತು. ಚರಂಡಿಯ ಹೂಳು ತೆಗೆಸಿ ಎಂದು ಕಾರ್ಪೊರೇಷನ್ನಿಗೆ ಬರೆಯುವ ವಿಷಯಕ್ಕೆ ಸಮಯ ಸಾಲದೆ ಮುಂದಿನ ಸಭೆಗೆ ಹಾಕಿದರು. ಬೇಸ್‌ಮೆಂಟಿಗೆ ಇಳಿಯುವ ಇಳಿಜಾರಿನ ಬಾಯಲ್ಲಿ ನೀರು ತಡೆಯಲು ಒಂಬತ್ತಿಂಚಿನ ಕಾಂಕ್ರೀಟ್ ಉಬ್ಬು ಕಟ್ಟಿಸುವುದೆಂದು ಕೈಯೆತ್ತಿ ತೀರ್ಮಾನಿಸಿದರು. ಎಲ್ಲರಿಗಿಂತ ಮೊದಲು ಕೈಯೆತ್ತಿದವರು ಯಾರೆಂದು ಹೇಳಬೇಕಾಗಿಲ್ಲ. ಉಬ್ಬು ಎದ್ದಿತು. ಮೊದಲ ದಿನವೇ ಮೂರನೇ ಮಹಡಿಯ ಸೆಡಾನ್ ಕಾರಿನ ಹೊಟ್ಟೆ ಅದಕ್ಕೆ ಉಜ್ಜಿ ಎಣ್ಣೆಯ ತಟ್ಟೆ ಬಿರಿಯಿತು. ಎರಡನೇ ದಿನ ಇನ್ನೊಬ್ಬರ ಬಂಪರು. ಮೂರನೇ ದಿನ ಸೆಡಾನಿನವರು ಲಿಫ್ಟಿನಲ್ಲಿ, ನಿಜವಾದ ಲಿಫ್ಟಿನಲ್ಲಿ, ಹಾಸನದವರ ಕೈ ಹಿಡಿದುಕೊಂಡರು.

"ಸಾರ್, ನಿಮ್ಮ ಆ ಮೆಕ್ಯಾನಿಕ್ ನಂಬರ್ ಕೊಡ್ತೀರಾ? ನಂದೂ ಎರಡಿಂಚು ಏರಿಸ್ಬೇಕು."

ಹಾಸನದವರು ಅವರ ಹೆಗಲ ಮೇಲೆ ಕೈಯಿಟ್ಟು, ತುಂಬು ಪ್ರೀತಿಯಿಂದ ಹೇಳಿದರು: "ಖಂಡಿತ ಕೊಡ್ತೀನಿ. ಮೊದ್ಲು ನಂದು ಮೂರಿಂಚು ಆಗ್ಲಿ."